ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿರಲಿ, ಅದರ ಜೆರಾಕ್ಸ್ ಮನೆಯಲ್ಲಿರಲಿ

ಸೌದಿಗೆ ಹೊರಟವರಿಗೂ, ಊರಲ್ಲಿ ಉಳಿಯುವ ಮನೆಯವರಿಗೂ ಒಬ್ಬ ಹಳೆಯ ಗಲ್ಫ್‌ನವನ ಕೆಲವು ಮಾತು

ಅಕ್ಕನ ಮಗ ಮುಂದಿನ ವಾರ ದಮ್ಮಾಮ್‌ಗೆ ಹೊರಟಿದ್ದಾನೆ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಮಂಗಳೂರಿನಲ್ಲಿ ಎ.ಸಿ. ರಿಪೇರಿ ಕೆಲಸ ಮಾಡಿದ ಹುಡುಗ. ಮೊನ್ನೆ ಇಶಾ ನಮಾಝ್ ಮುಗಿಸಿ ಅವರ ಮನೆಗೆ ಹೋದಾಗ ಚಾವಡಿಯಲ್ಲಿ ದೊಡ್ಡ ಸೂಟ್‌ಕೇಸ್ ತೆರೆದಿಟ್ಟಿತ್ತು. ಅಕ್ಕ ಅದಕ್ಕೆ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಮಸಾಲೆ ಪುಡಿ ತುಂಬಿಸುತ್ತಾ ಇದ್ದಳು. ನನ್ನನ್ನು ನೋಡಿದ್ದೇ, ‘‘ಇವನಿಗೆ ಎಂತಾದ್ರೂ ಹೇಳು ಮಾರಾಯ, ನೀನು ಹತ್ತೊಂಬತ್ತು ವರ್ಷ ಅಲ್ಲಿದ್ದವ ಅಲ್ವಾ?’’ ಅಂದಳು.

ನಾನು ಎಂತ ಹೇಳುವ ಮೊದಲೇ ಅವಳ ಕೈಯಲ್ಲಿದ್ದ ಒಂದು ಸಣ್ಣ ಪೊಟ್ಟಣ ಕಣ್ಣಿಗೆ ಬಿತ್ತು. ಗಸಗಸೆ. ‘‘ಅದನ್ನು ತೆಗೆ’’ ಅಂದೆ. ‘‘ಅಯ್ಯೋ, ಕುರ್ಮಕ್ಕೆ ಹಾಕುವುದಲ್ವಾ?’’ ಅಂತ ಅವಳು. ನಮ್ಮ ಅಡುಗೆ ಮನೆಯಲ್ಲಿ ಅದು ಮಸಾಲೆ. ಸೌದಿ, ಯುಎಇ ಮುಂತಾದ ಕೊಲ್ಲಿ ರಾಷ್ಟ್ರಗಳಲ್ಲಿ ಅದು ಅಫೀಮಿನ ಗಿಡದ ಬೀಜ, ಮಾದಕ ವಸ್ತುವಿನ ಲೆಕ್ಕದಲ್ಲಿ ನಿಷೇಧ. ಗೊತ್ತಿಲ್ಲದೆ ತಂದೆ ಅಂದರೆ ಅಲ್ಲಿ ಯಾರೂ ಕೇಳುವುದಿಲ್ಲ.

ಆ ರಾತ್ರಿ ಹನ್ನೊಂದೂವರೆ ತನಕ ಮಾತಾಡಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಗಲ್ಫ್‌ನ ನಂಟಿಲ್ಲದ ಮನೆ ಕಡಿಮೆ. ಇದು ಹೋಗುವ ಹುಡುಗರಿಗೆ ಮಾತ್ರ ಬರೆದದ್ದಲ್ಲ, ಮನೆಯಲ್ಲಿರುವ ಉಮ್ಮ, ಉಪ್ಪ, ಹೆಂಡತಿ ಕೂಡ ಓದಬೇಕು. ಯಾಕೆ ಅಂತ ಮೊದಲು ಹೇಳ್ತೇನೆ.

ಉಪ್ಪನ ಮುಖ ನೋಡಲಾಗಲಿಲ್ಲ

ನಾನು ಜುಬೈಲ್‌ಗೆ ಹೋದ ಒಂಬತ್ತನೇ ವರ್ಷ. ಒಂದು ಗುರುವಾರ ರಾತ್ರಿ ಊರಿನಿಂದ ಫೋನ್ ಬಂತು, ಉಪ್ಪ ತೀರಿಕೊಂಡರು ಅಂತ. ಟಿಕೆಟ್‌ಗೆ ನನ್ನ ಬಳಿ ದುಡ್ಡಿತ್ತು. ಮರುದಿನ ವಿಮಾನವೂ ಇತ್ತು. ಆದರೆ ನನ್ನ ಪಾಸ್‌ಪೋರ್ಟ್ ಕಂಪೆನಿಯ ಕಪಾಟಿನಲ್ಲಿತ್ತು. ಕಪಾಟಿನ ಕೀಲಿಕೈ ಇದ್ದದ್ದು ಮಂದೂಬ್‌ನ ಹತ್ತಿರ. ಅವನು ವಾರದ ರಜೆಗೆ ಅಂತ ಬೇರೆ ಊರಿಗೆ ಹೋಗಿದ್ದ. ಸೌದಿಯಲ್ಲಿ 2013ರಿಂದ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಆದಿತ್ಯವಾರ ಬೆಳಗ್ಗೆ ಅವನು ಬಂದು, ಪಾಸ್‌ಪೋರ್ಟ್ ಕೊಟ್ಟು, ರೀ-ಎಂಟ್ರಿ ಹೊಡೆದು, ನಾನು ಊರಿಗೆ ಮುಟ್ಟುವಾಗ ಸೋಮವಾರ. ಉಪ್ಪನನ್ನು ಶುಕ್ರವಾರವೇ ಜುಮಾ ಮುಗಿಸಿ ದಫನ ಮಾಡಿ ಆಗಿತ್ತು.

ನಾನು ಯಾರನ್ನೂ ಬೈಯಲು ಇದನ್ನು ಬರೆಯುವುದಲ್ಲ. ಒಂಬತ್ತು ವರ್ಷ ನಾನೇ ಆ ಪಾಸ್‌ಪೋರ್ಟನ್ನು ಕೇಳಿರಲಿಲ್ಲ. ‘ಕಂಪೆನಿಯಲ್ಲಿದ್ದರೆ ಭದ್ರ’ ಅಂದುಕೊಂಡಿದ್ದೆ. ಕೆಲಸಗಾರನ ಪಾಸ್‌ಪೋರ್ಟನ್ನು ಮಾಲಕ ಇಟ್ಟುಕೊಳ್ಳುವಂತಿಲ್ಲ ಎಂಬುದು ಅಲ್ಲಿನ ನಿಯಮವೇ ಅಂತ ನನಗೆ ಗೊತ್ತಾದದ್ದು ಅದಾದ ಮೇಲೆ. ಗಲ್ಫ್‌ನಲ್ಲಿ ನಮ್ಮವರು ಬಿದ್ದ ಕಷ್ಟಗಳನ್ನು ನೋಡಿದರೆ, ಹೆಚ್ಚಿನವು ಶುರುವಾದದ್ದು ಇಂಥ ಒಂದು ಕಾಗದದಿಂದ. ಓದದೆ ರುಜು ಹಾಕಿದ ಕಾಗದ, ಕೈಯಲ್ಲಿ ಇಟ್ಟುಕೊಳ್ಳದ ಕಾಗದ, ಮನೆಯವರಿಗೆ ಗೊತ್ತೇ ಇಲ್ಲದ ಕಾಗದ.

ಹೊರಡುವ ಮೊದಲು: ವೀಸಾದಲ್ಲಿ ಎಂತ ಬರೆದಿದೆ?

‘‘ಮಾಮ, ನನ್ನ ಫ್ರೆಂಡ್ ಫ್ರೀ ವೀಸಾದಲ್ಲಿ ಹೋಗಿದ್ದಾನೆ, ಎಲ್ಲಿ ಬೇಕಾದರೂ ಕೆಲಸ ಮಾಡಬಹುದಂತೆ’’ ಅಂದ ಹುಡುಗ. ಫ್ರೀ ವೀಸಾ, ಆಝಾದ್ ವೀಸಾ ಎಂಬುದು ಏಜೆಂಟರ ಬಾಯಲ್ಲಿ ಮಾತ್ರ ಇರುವ ವೀಸಾ. ಸೌದಿಯ ಕಾನೂನಿನಲ್ಲಿ ಅಂಥದ್ದೊಂದು ಇಲ್ಲ. ಯಾರ ಹೆಸರಿನಲ್ಲಿ ವೀಸಾ ಬಂದಿದೆಯೋ ಅವರ ಬಳಿಯೇ ಕೆಲಸ ಮಾಡಬೇಕು. ಇಲ್ಲವಾದರೆ ಕಾನೂನು ಪ್ರಕಾರ ಕೆಲಸ ಬದಲಾಯಿಸಿಕೊಳ್ಳಬೇಕು. ನಮ್ಮ ಪಕ್ಕದ ಊರಿನ ಒಬ್ಬರು ಮನೆ ಡ್ರೈವರ್ ವೀಸಾದಲ್ಲಿ ಬಂದು ಬೂಫಿಯಾ ಒಂದರಲ್ಲಿ ಸ್ಯಾಂಡ್‌ವಿಚ್ ಮಾಡುತ್ತಿದ್ದರು. ಕಫೀಲನಿಗೆ ತಿಂಗಳು ತಿಂಗಳು ದುಡ್ಡು ಕೊಡುವುದು ಬೇರೆ. ಒಂದು ದಿನ ತಪಾಸಣೆಗೆ ಬಂದವರು ಹಿಡಿದುಕೊಂಡು ಹೋದರು. ತರ್ಹೀಲ್‌ನಲ್ಲಿ ಕೆಲವು ವಾರ ಇಟ್ಟು, ಬೆರಳಚ್ಚು ತೆಗೆದು ಊರಿಗೆ ಕಳಿಸಿದರು. ವೀಸಾಕ್ಕೆ ಅಂತ ಅಡವಿಟ್ಟ ಹೆಂಡತಿಯ ಚಿನ್ನ ಬ್ಯಾಂಕಿನಲ್ಲೇ ಉಳಿಯಿತು.

ಹಾಗಾಗಿ ವೀಸಾದಲ್ಲಿ ಬರೆದ ಹುದ್ದೆ ಯಾವುದು ಅಂತ ಮೊದಲು ನೋಡಿ. ‘ಸಾಯಿಖ್ ಖಾಸ್’ ಅಂದರೆ ಮನೆಯ ಡ್ರೈವರ್. ಮನೆ ಡ್ರೈವರ್, ಮನೆಗೆಲಸದವರು, ತೋಟದವರು, ಕುರಿ ಕಾಯುವವರು ಇವರೆಲ್ಲ ಸಾಮಾನ್ಯ ಕಾರ್ಮಿಕ ಕಾನೂನಿನ ಹೊರಗೆ. ಅವರಿಗೆ ಬೇರೆ ನಿಯಮಾವಳಿ ಇದೆ. 2021ರ ಮಾರ್ಚ್‌ನಲ್ಲಿ ಸೌದಿ ಸರಕಾರ ಖಾಸಗಿ ಕಂಪೆನಿಗಳ ಕೆಲಸಗಾರರಿಗೆ ಕೆಲಸ ಬದಲಾಯಿಸಲು, ಊರಿಗೆ ಹೋಗಿಬರಲು ಸಡಿಲಿಕೆ ಕೊಟ್ಟಾಗಲೂ ಇವರನ್ನು ಸೇರಿಸಲಿಲ್ಲ. ‘ಹೇಗಾದರೂ ಹೋಗಿ ಮುಟ್ಟು, ಆಮೇಲೆ ನೋಡುವ’ ಎನ್ನುವವರ ಮಾತು ಕೇಳಬೇಡಿ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ನಿಲ್ಲುವುದೂ ಅಪರಾಧವೇ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಇಸಿಆರ್ ಅಂತ ಇರುತ್ತದೆ. ಅವರು ಸೌದಿಗೆ ಕೆಲಸಕ್ಕೆ ಹೋಗಬೇಕಾದರೆ ನಮ್ಮ ಸರಕಾರದ ಇ-ಮೈಗ್ರೇಟ್ ಮೂಲಕ ಅನುಮತಿ ಬೇಕು. ಏಜೆಂಟ್‌ಗೆ ಸರಕಾರದ ನೋಂದಣಿ ಉಂಟಾ ಅಂತ ಅದೇ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ತನ್ನ ಸೇವೆಗೆ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ರಶೀದಿಯನ್ನೂ ಕೊಡಬೇಕು. ಲಕ್ಷಗಟ್ಟಲೆ ಕೇಳಿ ರಶೀದಿ ಕೊಡದವನ ಹತ್ತಿರ ಹೋಗಬೇಡಿ.

ಇಸಿಆರ್‌ನವರಿಗೆ ‘ಪ್ರವಾಸಿ ಭಾರತೀಯ ಬೀಮಾ ಯೋಜನೆ’ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಪ್ರೀಮಿಯಂ, ತೆರಿಗೆ ಬೇರೆ. ಅಪಘಾತದಲ್ಲಿ ತೀರಿಕೊಂಡರೆ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ ಸಿಗುತ್ತದೆ. ಈ ಪಾಲಿಸಿ ಮಾಡಿಸಿರುತ್ತಾರೆ, ಆದರೆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಹುಡುಗ ಹೊರಡುವ ಮುಂಚೆ ಆ ಕಾಗದ ಉಮ್ಮನ ಅಲ್ಮೇರಾಕ್ಕೆ ಹೋಗಬೇಕು.

ಪೆಟ್ಟಿಗೆಗೆ ಬೇಡದ್ದು

ಗಸಗಸೆಯ ಮಾತು ಹೇಳಿ ಆಯಿತು. ಮನೆಯಲ್ಲೇ ಮಾಡಿದ ಮಸಾಲೆ ಪುಡಿಯಲ್ಲಿ ಅದು ಸೇರಿದೆಯೋ ಅಂತಲೂ ನೋಡಿ. ಇನ್ನೊಂದು ಮದ್ದು. ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ನರದ ನೋವಿಗೆ ಕೊಡುವ ಪ್ರಿಗಾಬಲಿನ್, ನಿದ್ರೆ ಮಾತ್ರೆ ಇವೆಲ್ಲ ಅಲ್ಲಿ ನಿಯಂತ್ರಿತ ಔಷಧಗಳು. ಸೊಂಟನೋವಿಗೆ ಅಂತ ಊರಿನ ಡಾಕ್ಟರ್ ಕೊಟ್ಟ ಮಾತ್ರೆ ಅಲ್ಲಿ ಕೇಸ್ ಆಗಬಹುದು. ಯಾವುದು ನಿಯಂತ್ರಿತ ಅಂತ ಡಾಕ್ಟರನ್ನೇ ಕೇಳಿ. ಬೇಕೇ ಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಬಿ.ಪಿ., ಶುಗರ್ ಮಾತ್ರೆಯನ್ನೂ ಚೀಟಿಯೊಂದಿಗೆ, ಅದರದ್ದೇ ಸ್ಟ್ರಿಪ್‌ನಲ್ಲಿ ಕೊಂಡೊಯ್ಯಿರಿ. ಡಬ್ಬಿಗೆ ಸುರಿದುಕೊಂಡು ಹೋಗಬೇಡಿ.

ಮೂರನೆಯದ್ದು ಬೇರೆಯವರ ಕಟ್ಟು. ‘‘ನನ್ನ ಮಗನಿಗೆ ಸ್ವಲ್ಪ ಹಲ್ವ ಉಂಟು, ಕೊಂಡುಹೋಗ್ತೀಯಾ ಮೋನೇ?’’ ಅಂತ ಕೇಳುವವರು ನಮ್ಮವರೇ ಆಗಿರುತ್ತಾರೆ. ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಆದರೆ ಅವರ ಎದುರೇ ಬಿಚ್ಚಿ ನೋಡಿ, ನೀವೇ ಕಟ್ಟಿ. ಬಿಚ್ಚಬೇಡ ಅಂದರೆ ಕೊಂಡೊಯ್ಯಬೇಡಿ. ವಿಮಾನ ನಿಲ್ದಾಣದಲ್ಲಿ ಯಾರ ಸೂಟ್‌ಕೇಸ್‌ನಲ್ಲಿ ಸಿಕ್ಕಿತೋ ಅವರೇ ಹೊಣೆ. ಮಾದಕ ವಸ್ತು ಸಾಗಾಟಕ್ಕೆ ಸೌದಿಯಲ್ಲಿ ಮರಣದಂಡನೆಯ ತನಕ ಶಿಕ್ಷೆ ಇದೆ.

ಮೊದಲ 90 ದಿನ

ಸೌದಿಗೆ ಹೋದವನ ಜೀವವೇ ಇಕಾಮಾ. ಬಂದು 90 ದಿನದೊಳಗೆ ಮಾಲಕ ಅದನ್ನು ಮಾಡಿಸಿ ಕೊಡಬೇಕು. ಅದರ ಶುಲ್ಕ, ವರ್ಕ್ ಪರ್ಮಿಟ್‌ನ ಶುಲ್ಕ, ನವೀಕರಣ, ತಡವಾದರೆ ದಂಡ, ರೀ-ಎಂಟ್ರಿ, ಕೆಲಸ ಮುಗಿದ ಮೇಲೆ ಊರಿಗೆ ಟಿಕೆಟ್ ಎಲ್ಲವೂ ಮಾಲಕನ ಖರ್ಚು ಅಂತ ಕಾರ್ಮಿಕ ಕಾನೂನಿನ 40ನೇ ಕಲಮಿನಲ್ಲಿ ಇದೆ. ಸಂಬಳದಿಂದ ಹಿಡಿದರೆ ಕೇಳುವ ಹಕ್ಕು ನಿಮಗಿದೆ.

ಇಕಾಮಾ ಕೈಗೆ ಬಂದ ವಾರದಲ್ಲೇ ನಿಮ್ಮ ಹೆಸರಿನಲ್ಲಿ, ನಿಮ್ಮದೇ ಸಿಮ್‌ನಿಂದ ‘ಅಬ್ಶೀರ್’ ಖಾತೆ ತೆರೆಯಿರಿ. ಇಕಾಮಾದ ಕೊನೆಯ ದಿನಾಂಕ, ರೀ-ಎಂಟ್ರಿ, ಟ್ರಾಫಿಕ್ ದಂಡ ಎಲ್ಲ ಅದರಲ್ಲಿ ಕಾಣುತ್ತದೆ. ‘ಕಿವಾ’ ಎಂಬುದು ಅಲ್ಲಿನ ಕಾರ್ಮಿಕ ಇಲಾಖೆಯ ತಾಣ. ನಿಮ್ಮ ಕರಾರು ಅಲ್ಲಿ ದಾಖಲಾಗಿರಬೇಕು. ಅದರಲ್ಲಿ ಸಂಬಳ ಎಷ್ಟು, ಹುದ್ದೆ ಯಾವುದು, ಎಷ್ಟು ವರ್ಷದ ಕರಾರು ಅಂತ ನೋಡಿಯೇ ಒಪ್ಪಿಗೆ ಒತ್ತಿ. ಊರಿನಲ್ಲಿ ಏಜೆಂಟ್ 2,000 ರಿಯಾಲ್ ಅಂದಿರುತ್ತಾನೆ, ಕಿವಾದಲ್ಲಿ 1,500 ಇರುತ್ತದೆ. ಒಪ್ಪಿಗೆ ಕೊಟ್ಟ ಮೇಲೆ ಏಜೆಂಟ್‌ನ ಬಾಯಿಮಾತು ಲೆಕ್ಕಕ್ಕೆ ಬರುವುದಿಲ್ಲ. ಬಂದು ಮೂರು ತಿಂಗಳಾದರೂ ಕರಾರು ದಾಖಲು ಮಾಡದಿದ್ದರೆ, ಮೂರು ತಿಂಗಳು ಸತತ ಸಂಬಳ ಕೊಡದಿದ್ದರೆ, ಇಕಾಮಾ ಮುಗಿದರೂ ನವೀಕರಿಸದಿದ್ದರೆ ಮಾಲಕನ ಒಪ್ಪಿಗೆ ಇಲ್ಲದೆಯೇ ಬೇರೆ ಕಂಪೆನಿಗೆ ಹೋಗಲು 2021ರ ನಿಯಮಗಳಲ್ಲಿ ದಾರಿ ಇದೆ.

ಇನ್ನೊಂದು ವಿಷಯ ನಮ್ಮವರಿಗೇ ವಿಶೇಷವಾಗಿ ಹೇಳಬೇಕು. ಮದ್ರಸದಲ್ಲಿ ಕಲಿತ ಕಾರಣ ಅರಬಿ ಅಕ್ಷರ ನಾವು ಓದುತ್ತೇವೆ. ಅರ್ಥ ಹೆಚ್ಚಿನವರಿಗೆ ಗೊತ್ತಿಲ್ಲ. ಓದಲು ಬರುತ್ತದೆ ಎಂಬ ಧೈರ್ಯದಲ್ಲಿ ರುಜು ಹಾಕಿಬಿಡುತ್ತೇವೆ. ಇಂಗ್ಲಿಷ್, ಅರಬಿ ಎರಡರಲ್ಲೂ ಬರೆದಿದ್ದರೆ ಕೋರ್ಟಿನಲ್ಲಿ ನಿಲ್ಲುವುದು ಅರಬಿಯದ್ದೇ. ‘ಎಲ್ಲ ಬಾಕಿ ಸಿಕ್ಕಿದೆ’ ಎಂಬ ಕಾಗದಕ್ಕೆ ಸಂಬಳದ ರಶೀದಿ ಅಂದುಕೊಂಡು ರುಜು ಹಾಕಿದವರನ್ನು ನಾನು ಕಂಡಿದ್ದೇನೆ. ಮೊಬೈಲಿನಲ್ಲಿ ಫೋಟೊ ತೆಗೆದು, ಗೊತ್ತಿದ್ದವರಿಗೆ ತೋರಿಸಿ, ಮರುದಿನ ರುಜು ಹಾಕ್ತೇನೆ ಅನ್ನಿ. ಅವಸರ ಮಾಡಿದರೆ ಅದರಲ್ಲಿ ಎಂತದೋ ಇದೆ ಅಂತಲೇ ತಿಳಿಯಿರಿ.

ಸಂಬಳ, ರಜೆ, ಬಿಸಿಲು

ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ರಮಝಾನಿನಲ್ಲಿ ಮುಸ್ಲಿಮ್ ಕೆಲಸಗಾರರಿಗೆ ದಿನಕ್ಕೆ 6 ಗಂಟೆ, ವಾರಕ್ಕೆ 36 ಗಂಟೆ. ಅದಕ್ಕಿಂತ ಹೆಚ್ಚಾದರೆ ಓವರ್‌ಟೈಮ್. ಆ ಗಂಟೆಯ ಸಂಬಳದ ಮೇಲೆ ಮೂಲ ಸಂಬಳದ ಅರ್ಧ ಸೇರಿಸಿ ಕೊಡಬೇಕು. ವರ್ಷಕ್ಕೆ 21 ದಿನ ಸಂಬಳ ಸಹಿತ ರಜೆ, ಒಂದೇ ಮಾಲಕನ ಬಳಿ ಐದು ವರ್ಷ ದಾಟಿದರೆ 30 ದಿನ. ಕಾಯಿಲೆ ಬಿದ್ದರೆ ಮೊದಲ 30 ದಿನ ಪೂರ್ತಿ ಸಂಬಳ, ಮುಂದಿನ 60 ದಿನ ಮುಕ್ಕಾಲು ಸಂಬಳ, ಅದರ ಮುಂದಿನ 30 ದಿನ ಸಂಬಳವಿಲ್ಲದ ರಜೆ. ಇದು ಕಂಪೆನಿ ಕೆಲಸಗಾರರ ಲೆಕ್ಕ.

ಜೂನ್ 15ರಿಂದ ಸೆಪ್ಟಂಬರ್ 15ರ ತನಕ ಮಧ್ಯಾಹ್ನ 12ರಿಂದ 3 ಗಂಟೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ನಮ್ಮ ಕರಾವಳಿಯ ಸೆಕೆ ನೋಡಿದವರಿಗೆ ಬಿಸಿಲು ಹೊಸತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲಿಯದ್ದೇ ಬೇರೆ. ಬಾಯಾರಿಕೆ ಆಗುವ ಮೊದಲೇ ನೀರು ಕುಡಿಯಬೇಕು. ತಲೆ ತಿರುಗಿ, ಬೆವರು ನಿಂತು, ಮಾತು ತೊದಲಿದರೆ ಅದು ಆಸ್ಪತ್ರೆಗೆ ಓಡುವ ಹೊತ್ತು. ಆರೋಗ್ಯ ವಿಮೆ ಮಾಡಿಸುವುದು ಮಾಲಕನ ಕರ್ತವ್ಯ. ಯಾವ ಯಾವ ಆಸ್ಪತ್ರೆ ಅದರಲ್ಲಿ ಇದೆ ಅಂತ ಹುಷಾರಾಗಿರುವಾಗಲೇ ನೋಡಿಟ್ಟುಕೊಳ್ಳಿ.

ಸಂಬಳ ಬ್ಯಾಂಕ್ ಖಾತೆಗೇ ಬರಲಿ. ಕೈಯಲ್ಲಿ ಕೊಡುತ್ತೇನೆ ಅಂದರೆ ಒಪ್ಪಬೇಡಿ. ನಾಳೆ ತಕರಾರು ಬಂದರೆ ಬ್ಯಾಂಕಿನ ಸ್ಟೇಟ್‌ಮೆಂಟೇ ನಿಮ್ಮ ಸಾಕ್ಷಿ. ಒಂದು ಸಣ್ಣ ನೋಟ್ ಪುಸ್ತಕದಲ್ಲಿ ದಿನಾಂಕ, ಕೆಲಸದ ಗಂಟೆ, ಸಿಕ್ಕಿದ ಸಂಬಳ ಬರೆದಿಡಿ. ನಾನು ಹತ್ತು ವರ್ಷ ಬರೆದೆ. ಕೊನೆಗೆ ಲೆಕ್ಕ ಮುಗಿಸುವ ದಿನ ಆ ಪುಸ್ತಕ ತೆರೆದಿಟ್ಟಾಗ ಮುದೀರ್ ಹೆಚ್ಚು ಮಾತಾಡಲಿಲ್ಲ.

ದಿನದ ಬದುಕು

ಅಡುಗೆ ಕಲಿತುಕೊಂಡೇ ಹೋಗಿ. ಅನ್ನ, ಒಂದು ಸಾರು, ಒಂದು ಮೀನು ಬಂದರೂ ಸಾಕು. ಮೂರು ಹೊತ್ತೂ ಹೊಟೇಲಿನದ್ದು ತಿಂದರೆ ದುಡ್ಡೂ ಇಲ್ಲ, ಹೊಟ್ಟೆಯೂ ಇಲ್ಲ. ಸೌದಿಯಲ್ಲಿ 2020ರ ಜುಲೈಯಿಂದ ಸಾಮಾನಿನ ಮೇಲೆ ಶೇ. 15 ವ್ಯಾಟ್ ಬೇರೆ. ಕೋಣೆಯಲ್ಲಿ ಆರು ಮಂದಿ ಇದ್ದರೆ ಅಡುಗೆಯ ಸರದಿ, ಖರ್ಚಿನ ಲೆಕ್ಕ ಗೋಡೆಯ ಮೇಲೆ ಬರೆದು ಅಂಟಿಸಿ. ಕೋಣೆಯ ಜಗಳ ಹೆಚ್ಚಾಗಿ ಶುರುವಾಗುವುದು ಹತ್ತು ರಿಯಾಲಿನ ಲೆಕ್ಕದಿಂದ.

ಊರಿನ ಲೈಸನ್ಸ್ ಇದೆ ಅಂತ ಅಲ್ಲಿ ಸ್ಟೇರಿಂಗ್ ಹಿಡಿಯಬೇಡಿ, ಇಕಾಮಾದವರಿಗೆ ಅಲ್ಲಿನ ಲೈಸನ್ಸೇ ಬೇಕು. ಕೆಂಪು ದೀಪ ದಾಟಿದರೆ 3,000ದಿಂದ 6,000 ರಿಯಾಲ್, ಮೊಬೈಲ್ ಹಿಡಿದು ಓಡಿಸಿದರೆ 500ರಿಂದ 900 ರಿಯಾಲ್ ದಂಡ. ಕೆಮರಾ ಎಲ್ಲ ಕಡೆ ಇದೆ. ಒಂದು ತಪ್ಪಿಗೆ ಎರಡು ತಿಂಗಳ ಸಂಬಳ ಹೋದವರಿದ್ದಾರೆ.

ನಾಲ್ಕು ಅರಬಿ ಮಾತು ಮೊದಲ ತಿಂಗಳಲ್ಲೇ ಕಲಿಯಿರಿ. ರಾತಿಬ್ ಅಂದರೆ ಸಂಬಳ, ಇಜಾಝಾ ಅಂದರೆ ರಜೆ, ಮುಸ್ತಶ್ಫಾ ಅಂದರೆ ಆಸ್ಪತ್ರೆ, ಶುರ್ತಾ ಅಂದರೆ ಪೊಲೀಸ್. ಯಮೀನ್ ಬಲ, ಯಸಾರ್ ಎಡ. ನೇರ ಹೋಗಲು ‘ಸೀದಾ’ ಅಂದರೆ ಅಲ್ಲಿಯೂ ನಡೆಯುತ್ತದೆ, ಅದನ್ನು ಹೊಸತಾಗಿ ಕಲಿಯಬೇಕಾಗಿಲ್ಲ.

ಮೊಬೈಲ್ ಬಗ್ಗೆ ಜಾಗ್ರತೆ. ಸೌದಿಯ ಸೈಬರ್ ಅಪರಾಧ ಕಾನೂನು 2007ರಿಂದಲೇ ಇದೆ. ಯಾರದ್ದೋ ಫೋಟೊ ಕೇಳದೆ ತೆಗೆಯುವುದು, ಅಪಘಾತದ ವೀಡಿಯೊ ಹಂಚುವುದು, ಊರಿನ ರಾಜಕೀಯದ ಜಗಳವನ್ನು ಗ್ರೂಪಿನಲ್ಲಿ ಮುಂದುವರಿಸುವುದು ಬೇಡ. ಬಡವರ ಮನೆಗೆ, ಮದುವೆಗೆ, ಮಸೀದಿಗೆ ಅಂತ ನಾವು ಒಳ್ಳೆಯ ಮನಸ್ಸಿನಿಂದ ಚಂದಾ ಎತ್ತುತ್ತೇವೆ. ಆದರೆ ಪರವಾನಿಗೆ ಇಲ್ಲದೆ ಹಣ ಸಂಗ್ರಹಿಸುವುದು ಅಲ್ಲಿ ಅಪರಾಧ. ಹಾಗೆಯೇ ಅನುಮತಿ ಪತ್ರ ಇಲ್ಲದೆ ಹಜ್‌ಗೆ ಹೋಗಲು ನೋಡಬೇಡಿ. ‘ಇಷ್ಟು ಹತ್ತಿರ ಇದ್ದೇನಲ್ಲ’ ಅಂತ ಮನಸ್ಸು ಹೇಳುತ್ತದೆ. ಸಿಕ್ಕಿಬಿದ್ದರೆ ದೊಡ್ಡ ದಂಡ, ಗಡಿಪಾರು, ಮತ್ತೆ ವರ್ಷಗಟ್ಟಲೆ ಸೌದಿಗೆ ಬರುವಂತಿಲ್ಲ.

ದುಡ್ಡು ಮತ್ತು ಹೆಸರು

‘ನಿಮ್ಮ ಎಟಿಎಂ ಕಾರ್ಡ್ ಬಂದ್ ಆಗಿದೆ, ಒಟಿಪಿ ಹೇಳಿ’ ಅಂತ ಹಿಂದಿಯಲ್ಲೋ ಉರ್ದುವಿನಲ್ಲೋ ಫೋನ್ ಬರುತ್ತದೆ. ಬ್ಯಾಂಕಿನವರು ಎಂದಿಗೂ ಒಟಿಪಿ ಕೇಳುವುದಿಲ್ಲ. ‘ನಫಾದ್’ ಆ್ಯಪಿನಲ್ಲಿ ನೀವು ಕೇಳದೆಯೇ ಒಂದು ಸಂಖ್ಯೆ ಬಂದು ಒಪ್ಪಿಗೆ ಕೇಳಿದರೆ ಒತ್ತಬೇಡಿ. ಒತ್ತಿದರೆ ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಒಳಗೆ ಹೋದಂತೆ.

ನಿಮ್ಮ ಇಕಾಮಾದಲ್ಲಿ ಬೇರೆಯವರಿಗೆ ಸಿಮ್ ತೆಗೆದುಕೊಡಬೇಡಿ. ನಿಮ್ಮ ಖಾತೆಯಿಂದ ಬೇರೆಯವರ ದುಡ್ಡು ಊರಿಗೆ ಕಳಿಸಬೇಡಿ. ‘ನನ್ನ ಇಕಾಮಾ ಮುಗಿದಿದೆ, ನಿನ್ನ ಹೆಸರಲ್ಲಿ ಕಳಿಸು’ ಅಂತ ರೂಮ್‌ಮೇಟ್ ಕೇಳಿದಾಗ ಆಗುವುದಿಲ್ಲ ಅನ್ನುವುದು ಕಷ್ಟ. ಆದರೆ ಸಂಬಳಕ್ಕಿಂತ ಹೆಚ್ಚು ದುಡ್ಡು ಕಳಿಸಿದರೆ ಎಲ್ಲಿಂದ ಬಂತು ಅಂತ ಕೇಳುವುದು ನಿಮ್ಮನ್ನು. ಹುಂಡಿಯಲ್ಲಿ ನಾಲ್ಕು ಕಾಸು ಹೆಚ್ಚು ಸಿಗಬಹುದು, ಎರಡು ದೇಶದಲ್ಲೂ ಅದು ಕಾನೂನಿಗೆ ವಿರುದ್ಧ. ಬ್ಯಾಂಕಿನ ಮೂಲಕ ಬಂದ ದುಡ್ಡಿಗೆ ದಾಖಲೆ ಇರುತ್ತದೆ, ನಾಳೆ ಜಾಗ ಕೊಳ್ಳುವಾಗ, ಮನೆ ಸಾಲಕ್ಕೆ ಅದು ಬೇಕಾಗುತ್ತದೆ.

ಕೆಲಸಕ್ಕೆ ವಿದೇಶಕ್ಕೆ ಹೋದವರು ಊರಿನ ಬ್ಯಾಂಕಿಗೆ ತಿಳಿಸಬೇಕು. ಹಳೆಯ ಉಳಿತಾಯ ಖಾತೆ ಎನ್‌ಆರ್‌ಒ ಆಗುತ್ತದೆ. ಅಲ್ಲಿಂದ ಕಳಿಸುವ ದುಡ್ಡಿಗೆ ಎನ್‌ಆರ್‌ಇ ಖಾತೆ ತೆರೆಯಿರಿ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಎರಡರಲ್ಲೂ ನಾಮಿನಿ ಹೆಸರು ಹಾಕಿಸಿ. ಮದುವೆಯಾದ ಮೇಲೂ ನಾಮಿನಿ ಹೆಸರು ಬದಲಿಸದವರು ಎಷ್ಟೋ ಜನ.

ಕಷ್ಟದ ದಿನ ಬಂದರೆ

ಸಂಬಳ ಸಿಗದಿದ್ದರೆ ಕೋಣೆಯಲ್ಲಿ ಮಲಗಬೇಡಿ, ಹೇಳದೆ ಬಿಟ್ಟು ಓಡಬೇಡಿ. ಓಡಿದರೆ ಮಾಲಕ ಹುರೂಬ್ ಹಾಕುತ್ತಾನೆ, ಆಮೇಲೆ ನಿಮ್ಮ ನ್ಯಾಯದ ಮಾತೂ ಅಡಿಗೆ ಬೀಳುತ್ತದೆ. ಕಾರ್ಮಿಕ ಇಲಾಖೆಗೆ ದೂರು ಕೊಡಿ. ಮೊದಲು ರಾಜಿಗೆ ಕರೆಯುತ್ತಾರೆ. 21 ದಿನದಲ್ಲಿ ಆಗದಿದ್ದರೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುತ್ತದೆ. ಒಂದು ಮಾತು ನೆನಪಿರಲಿ: ಕೆಲಸ ಬಿಟ್ಟು 12 ತಿಂಗಳು ಕಳೆದ ಮೇಲೆ ಸಾಮಾನ್ಯವಾಗಿ ದಾವೆ ನಿಲ್ಲುವುದಿಲ್ಲ. ‘ಊರಿಗೆ ಹೋಗಿ ಆಮೇಲೆ ನೋಡುವ’ ಅಂತ ಬಂದವರು ಆ ದುಡ್ಡನ್ನು ಕಳೆದುಕೊಂಡಿದ್ದಾರೆ.

ರಿಯಾದ್‌ನಲ್ಲಿ ಭಾರತೀಯ ರಾಯಭಾರ ಕಚೇರಿ, ಜಿದ್ದಾದಲ್ಲಿ ಕಾನ್ಸುಲೇಟ್ ಇದೆ. ದಮ್ಮಾಮ್, ಜುಬೈಲ್ ರಿಯಾದ್‌ನ ಕಚೇರಿಗೆ ಸೇರುತ್ತವೆ. ವಿದೇಶಾಂಗ ಇಲಾಖೆಯ ‘ಮದದ್’ ತಾಣದಲ್ಲಿ ಊರಿನಲ್ಲಿರುವ ಹೆಂಡತಿಯೂ ದೂರು ದಾಖಲಿಸಬಹುದು, ಅದರ ಸಂಖ್ಯೆ ಇಟ್ಟುಕೊಂಡು ವಿಚಾರಿಸಬಹುದು. ತುರ್ತಿಗೆ ಆ್ಯಂಬುಲೆನ್ಸ್ 997, ಪೊಲೀಸ್ 999, ಅಗ್ನಿಶಾಮಕ 998. ರಿಯಾದ್, ಮಕ್ಕಾ, ಮದೀನಾ ಮತ್ತು ಪೂರ್ವ ಪ್ರಾಂತದಲ್ಲಿ ಎಲ್ಲಕ್ಕೂ 911. ಆರೋಗ್ಯದ ವಿಚಾರಕ್ಕೆ 937.

ಬಿಟ್ಟು ಬರುವ ದಿನ

ಕಂಪೆನಿ ಕೆಲಸಗಾರನಿಗೆ ಕೊನೆಯಲ್ಲಿ ಸೇವಾ ಭತ್ತೆ ಉಂಟು, ನಮ್ಮವರು ‘ಸರ್ವಿಸ್ ದುಡ್ಡು’ ಅನ್ನುವುದು ಇದಕ್ಕೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತೀ ವರ್ಷಕ್ಕೆ ಒಂದು ತಿಂಗಳ ಸಂಬಳ, ಕೊನೆಯ ಸಂಬಳದ ಲೆಕ್ಕದಲ್ಲಿ. 2,000 ರಿಯಾಲ್ ಸಂಬಳದವನು ಎಂಟು ವರ್ಷ ದುಡಿದು ಕರಾರು ಮುಗಿದರೆ ಮೊದಲ ಐದು ವರ್ಷಕ್ಕೆ 5,000, ಮುಂದಿನ ಮೂರು ವರ್ಷಕ್ಕೆ 6,000, ಒಟ್ಟು 11,000 ರಿಯಾಲ್.

ತಾನಾಗಿ ರಾಜೀನಾಮೆ ಕೊಟ್ಟರೆ ಲೆಕ್ಕ ಬೇರೆ. ಎರಡು ವರ್ಷದಿಂದ ಐದು ವರ್ಷದ ತನಕ ಮೂರನೇ ಒಂದು ಪಾಲು, ಐದು ದಾಟಿ ಹತ್ತು ತುಂಬುವ ತನಕ ಮೂರನೇ ಎರಡು ಪಾಲು, ಹತ್ತು ತುಂಬಿದ ಮೇಲೆ ಪೂರ್ತಿ. ನಾಲ್ಕು ವರ್ಷ ಹನ್ನೊಂದು ತಿಂಗಳಿಗೆ ಸಿಟ್ಟಿನಿಂದ ಬಿಟ್ಟು ಬರುವವನು ಎರಡು ತಿಂಗಳು ತಡೆದುಕೊಂಡರೆ ಕೈಗೆ ಬರುವ ದುಡ್ಡು ಎರಡು ಪಾಲಿಗಿಂತ ಹೆಚ್ಚಾಗುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ಬಂದವರಲ್ಲಿ ನನ್ನ ಸ್ವಂತ ಭಾವನೂ ಒಬ್ಬರು.

ಮನೆಯವರಿಗೆ ಒಂದು ಫೈಲ್

ಕೊನೆಗೆ ಅಕ್ಕನಿಗೆ ಹೇಳಿದ್ದು ಇದು. ಒಂದು ಫೈಲ್ ಮಾಡು. ಅದರಲ್ಲಿ ಮಗನ ಪಾಸ್‌ಪೋರ್ಟ್, ವೀಸಾ, ಇಕಾಮಾ, ಕಿವಾ ಕರಾರು, ವಿಮೆ, ಬ್ಯಾಂಕ್ ಪುಸ್ತಕ ಇವುಗಳ ಜೆರಾಕ್ಸ್ ಇರಲಿ. ಕಂಪೆನಿಯ ಹೆಸರು, ವಿಳಾಸ, ಮುದೀರ್‌ನ ನಂಬರ್, ಅವನ ಕೋಣೆಯ ಇಬ್ಬರು ಗೆಳೆಯರ ನಂಬರ್ ಒಂದು ಕಾಗದದಲ್ಲಿ ಬರೆದಿಡು. ಇಕಾಮಾ ನವೀಕರಣವಾದಾಗಲೆಲ್ಲ ಹೊಸದರ ಫೋಟೊ ತರಿಸಿಕೊ. ಪಾಸ್‌ಪೋರ್ಟ್ ಹೊಸತು ಮಾಡಿಸಿದರೆ ಅಲ್ಲಿ ಜವಾಝಾತ್‌ನ ದಾಖಲೆಯಲ್ಲಿ ‘ನಕಲ್ ಮಾಲೂಮಾತ್’ ಮಾಡಿಸಿದ್ದಾನೋ ಅಂತ ಕೇಳು.

ನನಗೆ ಗೊತ್ತಿರುವ ಒಬ್ಬ ಹೆಣ್ಣುಮಗಳ ಗಂಡ ಅಲ್ಲಿ ಹೃದಯಾಘಾತದಿಂದ ತೀರಿಕೊಂಡರು. ದಫನಕ್ಕೆ, ಅಥವಾ ಮಯ್ಯಿತ್ ಊರಿಗೆ ತರಿಸಲು, ಮನೆಯವರ ಒಪ್ಪಿಗೆ ಪತ್ರ ಬೇಕು. ಬಾಕಿ ಸಂಬಳ, ಸರ್ವಿಸ್ ದುಡ್ಡು ಕೇಳಲು ದಾಖಲೆ ಬೇಕು. ಆಕೆಗೆ ಗಂಡನ ಕಂಪೆನಿಯ ಹೆಸರು ಗೊತ್ತಿರಲಿಲ್ಲ. ‘ದಮ್ಮಾಮಿನಲ್ಲಿದ್ದಾರೆ’ ಅಂತ ಮಾತ್ರ ಗೊತ್ತಿತ್ತು. ಹದಿನಾಲ್ಕು ವರ್ಷ ಪ್ರತೀ ತಿಂಗಳು ದುಡ್ಡು ಬಂದಿತ್ತು, ಅದು ಎಲ್ಲಿಂದ ಬರುತ್ತದೆ ಅಂತ ಕೇಳುವ ಅಗತ್ಯ ಬಿದ್ದಿರಲಿಲ್ಲ. ಇಕಾಮಾ ನಂಬರ್ ಹುಡುಕಲೇ ಅಲ್ಲಿನ ನಮ್ಮ ಹುಡುಗರಿಗೆ ನಾಲ್ಕು ದಿನ ಹಿಡಿಯಿತು.

‘ಇಂಥದ್ದನ್ನೆಲ್ಲ ಹೊರಡುವಾಗ ಮಾತಾಡುವುದಾ’ ಅಂತ ಅಕ್ಕ ಮುಖ ತಿರುಗಿಸಿದಳು. ನಮ್ಮ ಮನೆಗಳಲ್ಲಿ ಹೀಗೆಯೇ, ಅಪಶಕುನದ ಮಾತು ಅಂತ ಬಾಯಿ ಮುಚ್ಚಿಸುತ್ತಾರೆ. ಹುಡುಗನೇ ಎದ್ದು ಹೋಗಿ ಒಂದು ಹಳೆಯ ಶಾಲೆಯ ಫೈಲ್ ತಂದ. ಪಾಸ್‌ಪೋರ್ಟಿನ ಜೆರಾಕ್ಸ್ ಅದರಲ್ಲಿಟ್ಟು ಉಮ್ಮನ ಕೈಗೆ ಕೊಟ್ಟ. ಅಸಲು ಪಾಸ್‌ಪೋರ್ಟನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡ.

‘‘ಅಲ್ಲಿ ಕೇಳಿದರೆ ಎಂತ ಹೇಳಲಿ ಮಾಮ?’’ ಅಂದ.

‘‘ಇಕಾಮಾ ಮಾಡಿಸಲು ಬೇಕಾದರೆ ಕೊಡು. ಆದ ದಿನವೇ ವಾಪಸ್ ಕೇಳು. ಮರ್ಯಾದೆಯಲ್ಲಿ ಕೇಳು, ಆದರೆ ಕೇಳು’’ ಅಂದೆ.

ಅಕ್ಕ ಫೈಲನ್ನು ಅಲ್ಮೇರಾದಲ್ಲಿ ಇಟ್ಟು, ಒಣಮೀನಿನ ಕಟ್ಟನ್ನು ಇನ್ನೊಂದು ಪ್ಲಾಸ್ಟಿಕ್‌ನಲ್ಲಿ ಸುತ್ತಲು ಕೂತಳು. ಗಸಗಸೆಯ ಪೊಟ್ಟಣ ಅಡುಗೆ ಮನೆಗೆ ವಾಪಸ್ ಹೋಗಿತ್ತು.